ಸಣ್ಣ ಪೆಟ್ಟಿಗೆ ವಿಮೆಯ ಹಣ ಕೇಳಬೇಕೆ?

ಕಾರು ಗೇಟಿನ ಕಂಬಕ್ಕೆ ತಗುಲಿ ಬಂಪರು ಒಡೆಯಿತೆಂದು ಇಟ್ಟುಕೊಳ್ಳೋಣ. ಕಂತು ಕಟ್ಟಿದ್ದೇವಲ್ಲ, ವಿಮೆಯವರೇ ಕೊಡಲಿ ಎಂದು ಹೊರಡುತ್ತೇವೆ. ಅದಕ್ಕೆ ಮುನ್ನ ಒಂದಿಷ್ಟು ಲೆಕ್ಕ ಮಾಡೋಣ.

ಹೊಸ ಬಂಪರಿಗೆ 4,000, ಕೂಲಿಗೆ 2,000 ರೂಪಾಯಿ ಎನ್ನಿ. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಸವಕಳಿಯೆಂದು ಅರ್ಧ ಕಳೆಯುತ್ತಾರೆ. 1,500 ಸಿ.ಸಿ.ವರೆಗಿನ ಸ್ವಂತ ಕಾರಾದರೆ ಮೊದಲ 1,000 ನಮ್ಮ ತಲೆಯ ಮೇಲೆಯೇ. ಕೈಗೆ ಬರುವುದು 3,000.

ಕೈಬಿಡುವುದೆಷ್ಟು? ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ, ನಮ್ಮ ವಾಹನದ ಹಾನಿಗೆಂದು ಕಟ್ಟುವ ಕಂತಿನಲ್ಲಿ, ಕ್ರಮವಾಗಿ ಶೇಕಡಾ 20, 25, 35, 45, 50 ರಿಯಾಯಿತಿಯುಂಟು. ಇದೇ ನೋ ಕ್ಲೇಮ್ ಬೋನಸ್. ಒಮ್ಮೆ ಕೇಳಿದರೆ ಮತ್ತೆ ಸೊನ್ನೆಯಿಂದ ಆರಂಭ. ಈಗ 35ರಲ್ಲಿರುವವರ ಮೂಲ ಕಂತು 8,000 ಇದ್ದು ಹಾಗೆಯೇ ಮುಂದುವರಿದರೆ, ಬರುವ ವರ್ಷ 45ರ ಬದಲು ಸೊನ್ನೆ: ನಷ್ಟ 3,600. ಅದರ ಮರುವರ್ಷ 50ರ ಬದಲು 20: ನಷ್ಟ 2,400. ಮೂರು ಸಾವಿರಕ್ಕೆ ಆರು ಸಾವಿರ ತೆತ್ತಂತಾಯಿತು! ಮಿಲ್ಲಿನ ಲೆಡ್ಜರಿನಲ್ಲಿ ಇಂಥ ಬಾಬ್ತು ಕಂಡರೆ ಹೆಡ್ ಗುಮಾಸ್ತರು ಬಿಟ್ಟಾರೆಯೆ?

ಬೋನಸ್ಸೇ ಇನ್ನೂ ಕೂಡಿಲ್ಲ, ಇಲ್ಲವೆ ರಿಪೇರಿಗೆ ಮೂವತ್ತು ಸಾವಿರ ಎಂದರೆ ಮಾತು ಬೇರೆ, ಸಂಕೋಚವಿಲ್ಲದೆ ಕೇಳತಕ್ಕದ್ದು.

ಮನುಷ್ಯರಿಗೆ ಗಾಯವಾದಲ್ಲಿ ಮಾತ್ರ ಈ ಲೆಕ್ಕವೇ ಸಲ್ಲದು. ಮೊದಲು ಆಸ್ಪತ್ರೆ, ಬಳಿಕ ತಡಮಾಡದೆ ಪೊಲೀಸ್ ಠಾಣೆ. ವಿಮೆಯವರಿಗೂ ಬರೆದು ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯೇ ವಿಧಿಸಿದೆ.