ತಾವರೆ ಎಲೆ ಮತ್ತು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ

ಹೆಚ್ಚಿನ ವರ್ಧನೆಯೊಂದೇ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಿರಿಮೆ ಎಂದು ಓದಿಕೊಂಡ ವಿದ್ಯಾರ್ಥಿ ಮುಖ್ಯ ಸಂಗತಿಯನ್ನೇ ಬಿಟ್ಟಂತೆ. ಟ್ರಾನ್ಸ್‌ಮಿಷನ್ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನ್‌ಗಳು ತೆಳು ಛೇದವನ್ನು ಹಾದು ಕೋಶದ ಒಳರಚನೆ ತೋರಿಸುತ್ತವೆ. ಸ್ಕ್ಯಾನಿಂಗ್‌ನಲ್ಲಿ ಎಲೆಕ್ಟ್ರಾನ್ ಪುಂಜ ಮೇಲ್ಮೈಯ ಮೇಲೆ ಸಾಲುಸಾಲಾಗಿ ಚಲಿಸಿ ದ್ವಿತೀಯಕ ಎಲೆಕ್ಟ್ರಾನ್‌ಗಳನ್ನು ಹೊರಡಿಸುತ್ತದೆ. ಇವುಗಳ ಶಕ್ತಿ ಕಡಿಮೆ. ಮೇಲಿನ ಕೆಲವೇ ನ್ಯಾನೊಮೀಟರ್ ಪದರದಿಂದಷ್ಟೇ ಪಾರಾಗಬಲ್ಲವು. ಅಂಚು, ಇಳಿಜಾರುಗಳಿಂದ ಅವು ಹೆಚ್ಚು ಹೊರಬೀಳುವುದರಿಂದ ಆ ಭಾಗಗಳು ಬೆಳಗುತ್ತವೆ, ಗುಳಿಗಳು ಕಪ್ಪಾಗುತ್ತವೆ. ಚಿತ್ರಕ್ಕೆ ಉಬ್ಬುತಗ್ಗು ಬರುವುದು ಹೀಗೆ.

ತಾವರೆ ಎಲೆಗೆ ನೀರು ಅಂಟದೆಂಬುದು ನಮ್ಮಲ್ಲಿ ಹಳೆಯ ಮಾತು. ಕಾರಣವನ್ನು 1997ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ ವಿವರಿಸಿದರು. ಸ್ಕ್ಯಾನಿಂಗ್ ಚಿತ್ರದಲ್ಲಿ ಕಾಣುವುದು ಹೀಗೆ: ಎಲೆಯ ಹೊರಚರ್ಮದ ಕೋಶಗಳ ಮೇಲೆ ಸೂಕ್ಷ್ಮ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳುಗಳು. ಹನಿ ತುದಿಗಳನ್ನಷ್ಟೇ ಮುಟ್ಟಿ, ಉರುಳುವಾಗ ಧೂಳನ್ನೂ ಒಯ್ಯುತ್ತದೆ. ಒಣಗಿಸಿ, ಚಿನ್ನ ಲೇಪಿಸಿ, ನಿರ್ವಾತದಲ್ಲಿಟ್ಟ ಮಾದರಿಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಏಕೆಂದರೆ ಒಣಗಿದ ಕೋಶ ಕುಗ್ಗುತ್ತದೆ. ಆದರೆ ಮಾದರಿಯನ್ನು ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನದಲ್ಲಿ ಈ ಕುಗ್ಗುವಿಕೆ ಬಹಳಮಟ್ಟಿಗೆ ತಪ್ಪುತ್ತದೆ. ಇದಕ್ಕಿಂತ ಬಲವಾದ ಸಾಕ್ಷ್ಯ ಎಲೆಯಲ್ಲೇ ಇದೆ: ಮೇಣದ ಪದರ ಹಾಳಾದರೆ ಎಲೆ ಒದ್ದೆಯಾಗುತ್ತದೆ. ಆದರೆ ಇಂಥ ಚಿತ್ರಗಳಲ್ಲಿ ಕಾಣುವ ಬಣ್ಣವನ್ನು ಸಾಕ್ಷ್ಯವೆಂದು ಎಣಿಸಬಾರದು. ಮೂಲಚಿತ್ರ ಕಪ್ಪು-ಬಿಳುಪು, ಬಣ್ಣ ನಂತರ ಸೇರಿಸಿದ್ದು.