ಮೂಕರೋಗಿಯ ಪರೀಕ್ಷೆ

ಪಶ್ಚಿಮಘಟ್ಟದ ಮಡಿಲಲ್ಲಿ ಹುಟ್ಟುವ ನೇತ್ರಾವತಿ ನದಿಯು ಬೆಳ್ತಂಗಡಿ, ಬಂಟ್ವಾಳ ತಾಲ್ಲೂಕುಗಳ ಮೂಲಕ ಹರಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಉಪನದಿಯಾದ ಕಪಿಲೆಯ ದಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಎಂಬ ಊರಿನಲ್ಲಿ, ಶಿಶಿಲೇಶ್ವರ ದೇವಾಲಯವಿದೆ. ದೇವಾಲಯದ ಮುಂದಿನ ಹೊಳೆಯಲ್ಲಿ ಮಹಶೀರ್ ಜಾತಿಯ ದೊಡ್ಡ ಮೀನುಗಳು ಗುಂಪುಗುಂಪಾಗಿ ಈಜುತ್ತಿರುತ್ತವೆ. ಜನರು ಇವನ್ನು ದೇವರ ಮೀನುಗಳೆಂದು ಕರೆದು ಆಹಾರವಿಕ್ಕುತ್ತಾರೆ, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ದುಷ್ಕರ್ಮಿಗಳು ಈ ನೀರಿಗೆ ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತುಹೋದವು. ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಗಿದೆ. ಮೀನಿನ ಬದುಕು ಅದರ ಸುತ್ತಲಿನ ನೀರನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಈ ದುರಂತವೇ ಸಾಕ್ಷಿ.

ವಿಷದಂತೆಯೇ ರೋಗವೂ ಮೀನಿಗೆ ನೀರಿನ ಮೂಲಕವೇ ಬರುತ್ತದೆ. ಆದರೆ ಹೊಳೆಯ ಮೀನಿಗೂ ಗಾಜಿನ ತೊಟ್ಟಿಯ ಮೀನಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಹೊಳೆಯಲ್ಲಿ, ಕಡಲಿನಲ್ಲಿ, ಮೀನಿನ ಮೈಯಿಂದ ಉದುರಿದ ಪರೋಪಜೀವಿಯ ಮರಿಗಳು ಅಪಾರ ಜಲರಾಶಿಯಲ್ಲಿ ಚದುರಿಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಆಶ್ರಯ ಸಿಗದೆ ಸಾವು ಬರುತ್ತದೆ. ನೂರು ಲೀಟರು ನೀರಿನ ತೊಟ್ಟಿಯಲ್ಲಿ ಮೀನಿಗೆ ಓಡಿಹೋಗಲು ಎಡೆಯಿಲ್ಲ. ಪರೋಪಜೀವಿಗೆ ಹುಡುಕುವ ಶ್ರಮವಿಲ್ಲ. ಕಡಲಿನಲ್ಲಿ ಒಂದೆರಡು ಚುಕ್ಕೆಗಳಿಗೆ ಮುಗಿಯುತ್ತಿದ್ದ ಕಾಯಿಲೆ ಇಲ್ಲಿ ಇಡೀ ತೊಟ್ಟಿಯನ್ನೇ ಬರಿದು ಮಾಡಬಲ್ಲದು.

ಆದುದರಿಂದ ಕಡಲಿನ ಅಲಂಕಾರ ಮೀನುಗಳನ್ನು ಸಾಕುವವರು ಹೊಸದಾಗಿ ತಂದ ಮೀನನ್ನು ಕೂಡಲೇ ಹಳೆಯ ಮೀನುಗಳೊಡನೆ ಬಿಡುವುದಿಲ್ಲ. ಅದನ್ನು ನಾಲ್ಕರಿಂದ ಆರು ವಾರಗಳ ಕಾಲ ಬೇರೊಂದು ತೊಟ್ಟಿಯಲ್ಲಿಡುತ್ತಾರೆ. ಇದಕ್ಕೆ ಪ್ರತ್ಯೇಕವಾಸ ಅಥವಾ ಕ್ವಾರಂಟೈನ್ ಎಂದು ಹೆಸರು. ಈ ಪದ್ಧತಿಯ ಮೂಲ ಮನುಷ್ಯರ ಇತಿಹಾಸದಲ್ಲಿದೆ. ಪ್ಲೇಗಿನ ಭಯದಿಂದ 1377ರಲ್ಲಿ ಆಡ್ರಿಯಾಟಿಕ್ ಸಮುದ್ರದ ದಡದ ರಗೂಸ ನಗರವು ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿರಿಸಿತು. ಮುಂದೆ ಈ ಅವಧಿ ನಲವತ್ತು ದಿನಗಳಾಯಿತು. ನಲವತ್ತು ಎಂಬರ್ಥದ ಇಟಲಿಯ ಮಾತಿನಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಿಂದ ಪ್ರಯೋಜನವಿಲ್ಲ. ಬಾಗಿಲಲ್ಲೇ ತಡೆಯಬೇಕೆಂಬುದು ಇದರ ತಿರುಳು.

ಪ್ರತ್ಯೇಕವಾಸದ ತೊಟ್ಟಿ ಅಂದವಾಗಿರಬೇಕಾಗಿಲ್ಲ. ಅದರ ತಳದಲ್ಲಿ ಮರಳಿರಬಾರದು, ಹವಳವಿರಬಾರದು. ಮೀನು ಅಡಗಿಕೊಳ್ಳಲು ಪ್ಲಾಸ್ಟಿಕ್ ಕೊಳವೆಯ ತುಂಡುಗಳು, ನೀರನ್ನು ಶುದ್ಧಗೊಳಿಸಲು ಸ್ಪಂಜಿನ ಶೋಧಕ, ಒಂದು ಉಷ್ಣಮಾಪಕ, ಬೇರೆಯದೇ ಆದ ಒಂದು ಬಲೆ ಇವಿಷ್ಟು ಸಾಕು. ಒಂದೇ ಬಲೆಯನ್ನು ಎರಡು ತೊಟ್ಟಿಗಳಲ್ಲಿ ಬಳಸಿದರೆ ಪ್ರತ್ಯೇಕವಾಸದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ರೋಗಿಯು ಮಾತನಾಡಬಲ್ಲವನಾದರೆ ವೈದ್ಯನು ಮೊದಲು ಪ್ರಶ್ನೆ ಕೇಳುತ್ತಾನೆ. ಮೀನು ಮೂಕರೋಗಿ. ಅದರ ಮಾತೆಂದರೆ ಅದರ ನಡತೆ. ಆಹಾರ ತಿನ್ನುತ್ತಿದೆಯೆ? ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಆಡುತ್ತಿದೆ? ಮೈಯನ್ನು ಗಟ್ಟಿ ವಸ್ತುಗಳಿಗೆ ಉಜ್ಜುತ್ತಿದೆಯೆ? ರೆಕ್ಕೆಗಳನ್ನು ಮುದುಡಿಕೊಂಡಿದೆಯೆ? ಬಣ್ಣ ಮಾಸಿದೆಯೆ? ಇವನ್ನು ಪ್ರತಿದಿನವೂ ನೋಡಿ ಬರೆದಿಡಬೇಕು. ಆದರೆ ಮೀನನ್ನು ನೋಡುವ ಮುನ್ನ ನೀರನ್ನು ಪರೀಕ್ಷಿಸಬೇಕೆಂಬುದು ಮೊದಲ ನಿಯಮ. ನೀರಿನಲ್ಲಿ ಅಮೋನಿಯ ಹೆಚ್ಚಿದರೂ ಮೀನು ಏದುಸಿರು ಬಿಡುತ್ತದೆ; ಕಿವಿರಿಗೆ ಪರೋಪಜೀವಿ ಹತ್ತಿದರೂ ಏದುಸಿರು ಬಿಡುತ್ತದೆ. ಮೊದಲನೆಯದಕ್ಕೆ ನೀರು ಬದಲಿಸುವುದೇ ಮದ್ದು. ಅದನ್ನು ರೋಗವೆಂದು ಭ್ರಮಿಸಿ ಔಷಧಿ ಸುರಿದರೆ ಮೀನಿಗೆ ಎರಡನೆಯ ವಿಷವನ್ನು ಕೊಟ್ಟಂತಾಗುತ್ತದೆ.

ದಕ್ಷಿಣ ಕನ್ನಡದಲ್ಲಿ ನೀರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಪ್ರವಾಹ ಅಳಿವೆಗೆ ನುಗ್ಗಿದಾಗ ಅಲ್ಲಿನ ನೀರಿನ ಉಪ್ಪು ಬಹಳ ಇಳಿದುಹೋಗುತ್ತದೆ. ಬಂಟ್ವಾಳದಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಉಪ್ಪುನೀರಿನ ತೊಟ್ಟಿಯಿರಿಸುವವರು ಅಳಿವೆಯ ನೀರನ್ನು ಅಳೆದು ನೋಡದೆ ತುಂಬಬಾರದು.

ಕಡಲ ಮೀನುಗಳಿಗೆ ಬರುವ ಕಾಯಿಲೆಗಳಲ್ಲಿ ಬಿಳಿಚುಕ್ಕೆ ರೋಗ ಪ್ರಸಿದ್ಧವಾದುದು. ಕ್ರಿಪ್ಟೋಕ್ಯಾರಿಯನ್ ಇರಿಟನ್ಸ್ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಇದಕ್ಕೆ 1951ರಲ್ಲಿ ಈ ಹೆಸರು ಬಂದಿತು. ಮೀನಿನ ಮೈಮೇಲೆ ಉಪ್ಪಿನ ಹರಳು ಚಿಮುಕಿಸಿದಂತೆ ಕಾಣುವ ಒಂದೊಂದು ಚುಕ್ಕೆಯೊಳಗೂ ಈ ಜೀವಿ ಅಡಗಿ ಕುಳಿತು ಮೀನಿನ ಚರ್ಮವನ್ನು ತಿನ್ನುತ್ತಿರುತ್ತದೆ. ಮೂರರಿಂದ ಏಳು ದಿನಗಳಲ್ಲಿ ಅದು ಹೊಟ್ಟೆ ತುಂಬಿಸಿಕೊಂಡು ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ತೊಟ್ಟಿಯ ತಳಕ್ಕೆ ಅಂಟಿಕೊಂಡು ಗಟ್ಟಿ ಕೋಶವೊಂದನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ನೂರಾರು ಮರಿಗಳಾಗುತ್ತವೆ. ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಕೋಶ ಬಿರಿದು ಮರಿಗಳು ಹೊರಬಂದು ಈಜತೊಡಗುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ.

ಈ ಜೀವನಚಕ್ರದಲ್ಲಿಯೇ ಚಿಕಿತ್ಸೆಯ ಕೀಲಿಯಿದೆ. ಚರ್ಮದೊಳಗಿರುವಾಗಲೂ ಕೋಶದೊಳಗಿರುವಾಗಲೂ ಔಷಧಿ ಅದನ್ನು ಮುಟ್ಟಲಾರದು. ಈಜುವ ಮರಿಯ ಸ್ಥಿತಿಯಲ್ಲಿ ಮಾತ್ರ ಅದು ದುರ್ಬಲ. ಚುಕ್ಕೆಗಳು ಮಾಯವಾದುವೆಂದು ಹಿಗ್ಗುವವರು ಮೋಸಹೋಗುವುದು ಇಲ್ಲಿಯೇ. ಶತ್ರು ಸತ್ತಿರುವುದಿಲ್ಲ, ಮನೆ ಬದಲಿಸಿರುತ್ತಾನೆ ಅಷ್ಟೆ. ಕೆಲವು ದಿನಗಳಲ್ಲಿ ಅವನು ನೂರ್ಮಡಿಯಾಗಿ ಹಿಂತಿರುಗುತ್ತಾನೆ.

ಮರಿಗಳನ್ನು ಕೊಲ್ಲಲು ತಾಮ್ರದ ಲವಣವನ್ನು ಬಳಸುವುದು ಹಳೆಯ ಕ್ರಮ. ಲೀಟರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಎರಡು ಮೂರು ವಾರಗಳ ಕಾಲ ಎಡೆಬಿಡದೆ ಕಾಪಾಡಿಕೊಳ್ಳಬೇಕು. ಕಡಮೆಯಾದರೆ ರೋಗ ಹೋಗದು. ಹೆಚ್ಚಾದರೆ ಮೀನು ಉಳಿಯದು. ಸಿಗಡಿ, ಹವಳಗಳಿಗಂತೂ ತಾಮ್ರವು ಪ್ರಾಣಾಂತಕ. ಎರಡನೆಯ ಉಪಾಯದಲ್ಲಿ ಔಷಧಿಯೇ ಇಲ್ಲ. ನೀರಿನ ಲವಣವನ್ನು ಮೆಲ್ಲಮೆಲ್ಲನೆ ಲೀಟರಿಗೆ 15-16 ಗ್ರಾಂಗೆ ಇಳಿಸಿದರೆ ಮೂಳೆಮೀನುಗಳಲ್ಲಿ ಬಹುಪಾಲು ಸಹಿಸಿಕೊಳ್ಳುತ್ತವೆ, ಪರೋಪಜೀವಿ ಸಹಿಸದು. ಮೂರನೆಯದು ಇನ್ನೂ ಸರಳ: ಮೀನನ್ನು ಮೂರು ದಿನಗಳಿಗೊಮ್ಮೆ ಒಣಗಿಸಿ ಶುಚಿಗೊಳಿಸಿದ ಹೊಸ ತೊಟ್ಟಿಗೆ ಸ್ಥಳಾಂತರಿಸುವುದು. ಹೀಗೆ ನಾಲ್ಕು ಸಲ ಮಾಡಿದರೆ ಕೋಶಗಳು ಬಿರಿಯುವ ಮೊದಲೇ ಹಿಂದುಳಿದ ತೊಟ್ಟಿಯಲ್ಲಿ ನಾಶವಾಗುತ್ತವೆ. ಇಲ್ಲಿ ಕಾಲಜ್ಞಾನವೇ ಔಷಧಿ.

ಬಿಳಿಚುಕ್ಕೆಯನ್ನು ಹೋಲುವ ಮತ್ತೊಂದು ರೋಗ ಅಮೈಲೋಡಿನಿಯಂ ಎಂಬ ಜೀವಿಯಿಂದ ಬರುತ್ತದೆ. ಮೈಮೇಲೆ ಚಿನ್ನದ ಬಣ್ಣದ ನವಿರಾದ ಧೂಳು ಕವಿದಂತೆ ಕಾಣುತ್ತದೆ. ಎಷ್ಟೋ ಸಲ ಆ ಧೂಳು ಕಾಣಿಸುವ ಮೊದಲೇ ಕಿವಿರು ಕೆಟ್ಟು ಮೀನು ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಲವಣವನ್ನು ಇಳಿಸುವ ಉಪಾಯ ಇದಕ್ಕೆ ನಾಟುವುದಿಲ್ಲ, ತಾಮ್ರ ನಾಟುತ್ತದೆ. ಎರಡು ರೋಗಗಳನ್ನು ಬೇರ್ಪಡಿಸದೆ ಚಿಕಿತ್ಸೆಗೆ ತೊಡಗಿದವನು ಅಮೂಲ್ಯವಾದ ದಿನಗಳನ್ನು ಕಳೆದುಕೊಳ್ಳುತ್ತಾನೆ.

ಇನ್ನು ಮೀನಿನ ಮೈಗೆ, ಕಣ್ಣಿಗೆ ಅಂಟಿಕೊಳ್ಳುವ ಚಪ್ಪಟೆ ಹುಳುಗಳಿವೆ. ಅವು ಗಾಜಿನಂತೆ ಪಾರದರ್ಶಕವಾದುದರಿಂದ ಬರಿಗಣ್ಣಿಗೆ ತೋರುವುದಿಲ್ಲ. ಮೀನನ್ನು ಸುಮಾರು ಐದು ನಿಮಿಷ ಸಿಹಿನೀರಿನಲ್ಲಿಟ್ಟರೆ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಪರೀಕ್ಷೆಯೂ ಚಿಕಿತ್ಸೆಯೂ ಒಂದೇ ಪಾತ್ರೆಯಲ್ಲಿ ನಡೆದಂತಾಯಿತು. ಆದರೆ ಆ ಸಿಹಿನೀರು ಎಂತಹುದು? ನಲ್ಲಿಯ ನೀರಾದರೆ ಅದರ ಕ್ಲೋರಿನ್ನನ್ನು ತೆಗೆಯಬೇಕು. ಮುರಕಲ್ಲಿನ ನೆಲದ ಬಾವಿನೀರಾದರೆ ಅದು ಸಾಮಾನ್ಯವಾಗಿ ತುಸು ಆಮ್ಲೀಯ. ಕಡಲ ನೀರು ಕ್ಷಾರೀಯ. ಅಡುಗೆ ಸೋಡದಿಂದ ಬಾವಿನೀರನ್ನು ಸರಿಪಡಿಸಿ, ಉಷ್ಣತೆಯನ್ನೂ ಸಮಮಾಡಿ, ಅನಂತರವೇ ಮೀನನ್ನು ಇಳಿಸಬೇಕು. ಹುಳುಗಳ ಮೊಟ್ಟೆಗಳು ಇದರಿಂದಲೂ ಸಾಯುವುದಿಲ್ಲ, ಪ್ರಾಜಿಕ್ವಾಂಟೆಲ್ ಎಂಬ ಔಷಧಿಯಿಂದಲೂ ಸಾಯುವುದಿಲ್ಲ. ಆದುದರಿಂದ ಮೊಟ್ಟೆಯೊಡೆದ ಮೇಲೆ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಕಣ್ಣು ಸೋತಲ್ಲಿ ಸೂಕ್ಷ್ಮದರ್ಶಕ ನೆರವಾಗುತ್ತದೆ. ಮೀನಿನ ಮೈಯ ಲೋಳೆಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರೆ ರೋಗಕಾರಕವು ತಾನಾಗಿ ಗುರುತು ಹೇಳುತ್ತದೆ. ಸೂಕ್ಷ್ಮದರ್ಶಕಕ್ಕೂ ನಿಲುಕದ ವೈರಸ್ಸುಗಳಿಗೆ ಪ್ರಯೋಗಾಲಯ ಬೇಕು. ಇಂತಹ ವಿದ್ಯೆಗೆ ಕರ್ನಾಟಕದಲ್ಲಿ ನೆಲೆಯಾದುದು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ. 1969ರಲ್ಲಿ ಆರಂಭವಾದ ಇದು ಭಾರತದ ಮೊದಲ ಮೀನುಗಾರಿಕಾ ಕಾಲೇಜು. 1990ರ ದಶಕದಲ್ಲಿ ಭಾರತದ ಕರಾವಳಿಯ ಸಿಗಡಿ ಕೊಳಗಳನ್ನು ಬಿಳಿಚುಕ್ಕೆ ವೈರಸ್ ಧ್ವಂಸಮಾಡಿದಾಗ, ಇಲ್ಲಿನ ವಿಜ್ಞಾನಿಗಳಾದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಆ ರೋಗವನ್ನು ಅಧ್ಯಯನಮಾಡಿ, ಅದನ್ನು ಗುರುತಿಸುವ ಪರೀಕ್ಷೆಗಳಿಗಾಗಿ ದುಡಿದರು. ಸಿಗಡಿಯ ಬಿಳಿಚುಕ್ಕೆಗೂ ಮೀನಿನ ಬಿಳಿಚುಕ್ಕೆಗೂ ಹೆಸರು ಒಂದೇ. ಒಂದು ವೈರಸ್ಸಿನಿಂದ ಬರುವುದು, ಇನ್ನೊಂದು ಏಕಕೋಶ ಜೀವಿಯಿಂದ. ಹೆಸರನ್ನೂ ಹೊರನೋಟವನ್ನೂ ನಂಬಿ ಮದ್ದು ಕೊಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತೊಟ್ಟಿಯ ರೋಗ ತೊಟ್ಟಿಯಲ್ಲಿಯೇ ಉಳಿಯಬೇಕು. ಸಾಕಿ ಬೇಸತ್ತ ಮೀನನ್ನು ‘ಬದುಕಿಕೊಳ್ಳಲಿ’ ಎಂದು ನೀರಿಗೆ ಬಿಡುವವರುಂಟು. ಮೂಡುಬಿದಿರೆಯ ಕಡಲಕೆರೆಯ ಹೆಸರಿನಲ್ಲಿ ಕಡಲಿದ್ದರೂ ಅದರ ನೀರು ಸಿಹಿ; ಕಡಲ ಮೀನು ಅಲ್ಲಿ ಬದುಕದು. ಅಳಿವೆಗೆ ಬಿಟ್ಟ ಮೀನು ಬದುಕಬಹುದು, ಆದರೆ ತನ್ನೊಡನೆ ದೂರದ ಕಡಲಿನ ರೋಗವನ್ನೂ ಅಲ್ಲಿಗೆ ಒಯ್ಯಬಹುದು. 1988ರಲ್ಲಿ ಹುಣ್ಣಿನ ರೋಗವೊಂದು ಈಶಾನ್ಯ ಭಾರತದ ಮೀನುಗಳಿಗೆ ತಗುಲಿ, ಮುಂದೆ ದೇಶದ ಹಲವು ರಾಜ್ಯಗಳ ಹೊಳೆಕೆರೆಗಳಿಗೆ ಹಬ್ಬಿತು. ತೊಟ್ಟಿಯನ್ನು ಬರಿದುಮಾಡಿ ಒಣಗಿಸಬಹುದು; ನೇತ್ರಾವತಿಯನ್ನು ಹಾಗೆ ಮಾಡಲಾಗದು. ಹೊಳೆಗೆ ಹೊಕ್ಕ ರೋಗಕ್ಕೆ ಪ್ರತ್ಯೇಕವಾಸವೆಂಬುದಿಲ್ಲ.

ಮೀನನ್ನು ಗಾಜಿನೊಳಗೆ ತಂದಿರಿಸಿದವನು ಅದರ ಕಡಲನ್ನು ತನ್ನ ಕೈಯಲ್ಲಿ ಹಿಡಿದಂತೆಯೇ ಸರಿ. ಆ ಕೈಯಲ್ಲಿ ಔಷಧಿಯ ಸೀಸೆಗಿಂತ ಮೊದಲು ಇರಬೇಕಾದುದು ತಾಳ್ಮೆ, ನೋಡುವ ಕಣ್ಣು ಮತ್ತು ಅಳೆದು ನಡೆಯುವ ಬುದ್ಧಿ.

ಅಭ್ಯಾಸ

1. ಹೊಳೆಯ ಮೀನಿಗಿಂತ ತೊಟ್ಟಿಯ ಮೀನಿಗೆ ರೋಗದ ಅಪಾಯ ಹೆಚ್ಚೇಕೆ?
2. ಮೀನನ್ನು ನೋಡುವ ಮುನ್ನ ನೀರನ್ನು ಪರೀಕ್ಷಿಸಬೇಕು. ಏಕೆ?
3. ಬಿಳಿಚುಕ್ಕೆ ರೋಗದ ಜೀವಿಯ ಜೀವನಚಕ್ರವನ್ನು ವಿವರಿಸಿ. ಯಾವ ಹಂತದಲ್ಲಿ ಅದು ದುರ್ಬಲ?
4. ‘ಇಲ್ಲಿ ಕಾಲಜ್ಞಾನವೇ ಔಷಧಿ.’ ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿ.
5. ಸಾಕಿದ ಮೀನನ್ನು ಕೆರೆಗಾಗಲಿ ಹೊಳೆಗಾಗಲಿ ಬಿಡಬಾರದೇಕೆ?