ಮುಖಚರ್ಮದ ಕ್ಯಾನ್ಸರೂ ಮನಸ್ಸಿನ ಕಳವಳವೂ

ದೇಹದ ಇತರ ಭಾಗಗಳಲ್ಲಿ ಹುಟ್ಟಿದ ಗಂಟನ್ನೋ ಹುಣ್ಣನ್ನೋ ಬಟ್ಟೆಯಿಂದ ಮುಚ್ಚಿಕೊಳ್ಳಬಹುದು. ಮುಖದ ಮೇಲೆ ಹುಟ್ಟಿದ್ದನ್ನು ಮುಚ್ಚುವಂತಿಲ್ಲ. ಅದು ದಿನವೂ ಕನ್ನಡಿಯಲ್ಲಿ ಕಾಣುತ್ತದೆ. ಎದುರಿಗೆ ಬಂದವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಅಂತಹುದಕ್ಕೆ ವೈದ್ಯರು ‘ಕ್ಯಾನ್ಸರ್’ ಎಂಬ ಹೆಸರಿಟ್ಟರೆ ರೋಗಿಯ ಮನಸ್ಸು ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಕಳವಳದಲ್ಲಿ ರೋಗದಿಂದ ಬಂದ ಪಾಲೆಷ್ಟು, ಬರಿಯ ಹೆಸರಿನಿಂದ ಬಂದ ಪಾಲೆಷ್ಟು, ಏನೂ ತಿಳಿಯದೆ ಕಾಯುತ್ತಿರುವುದರಿಂದ ಬಂದ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಲು ಸಾಧ್ಯವಿದೆ. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಅದನ್ನೇ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಪಾಠ ಹೇಳುವವರು. ಆದುದರಿಂದ ಬೆಳಕಿನಿಂದ ಪ್ರಾರಂಭಿಸುವುದು ನಮಗೆ ಸುಲಭ.

ಬೆಳಕು ಫೋಟಾನುಗಳೆಂಬ ಶಕ್ತಿಯ ಕಣಗಳಾಗಿ ಬರುತ್ತದೆಂಬುದೂ, ತರಂಗಾಂತರ ಕಡಮೆಯಾದಂತೆ ಒಂದೊಂದು ಫೋಟಾನಿನ ಶಕ್ತಿ ಹೆಚ್ಚುತ್ತದೆಂಬುದೂ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. 700 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕಿನ ಫೋಟಾನಿಗೆ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, 300 ನ್ಯಾನೊಮೀಟರಿನ ನೇರಿಳಾತೀತ ಫೋಟಾನಿಗೆ 4.1 ಎಲೆಕ್ಟ್ರಾನ್ ವೋಲ್ಟಿನಷ್ಟಿದೆ. ಕೆಂಪು ಬೆಳಕು ಎಷ್ಟೇ ಹೊತ್ತು ಬಿದ್ದರೂ ಚರ್ಮವನ್ನು ಬಿಸಿಮಾಡೀತೇ ಹೊರತು ಡಿ.ಎನ್.ಎ. ಅಣುವಿನ ಕಟ್ಟಡವನ್ನು ನೇರವಾಗಿ ಕೆಡಿಸಲಾರದು. ನೇರಿಳಾತೀತ ಕಿರಣವಾದರೋ, ಡಿ.ಎನ್.ಎ. ಎಳೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಥೈಮೀನ್ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡಬಲ್ಲದು. ಬಿಸಿಲಿಗೆ ಹೋದಾಗಲೆಲ್ಲ ನಮ್ಮೆಲ್ಲರ ಚರ್ಮದಲ್ಲಿಯೂ ಇಂತಹ ಅಂಟುಗಳಾಗುತ್ತವೆ. ಜೀವಕೋಶದೊಳಗಿನ ದುರಸ್ತಿಯ ವ್ಯವಸ್ಥೆ ಅವನ್ನು ಕತ್ತರಿಸಿ ತೆಗೆದು ಸರಿಪಡಿಸುತ್ತಿರುತ್ತದೆ. ಹುಟ್ಟಿನಿಂದಲೇ ಈ ದುರಸ್ತಿ ಸರಿಯಿಲ್ಲದವರಿಗೆ ಎಳೆಯ ವಯಸ್ಸಿನಲ್ಲೇ ಮುಖದ ಮೇಲೆ ಕ್ಯಾನ್ಸರುಗಳು ಏಳುತ್ತವೆಂಬುದರ ಗುಟ್ಟನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಬಯಲುಮಾಡಿದನು. ಉಳಿದವರಲ್ಲಿ ಹತ್ತಾರು ವರ್ಷಗಳ ಬಿಸಿಲಿನಿಂದ ದುರಸ್ತಿಯಾಗದೆ ಉಳಿದ ತಪ್ಪುಗಳು ಮೆಲ್ಲಮೆಲ್ಲನೆ ಕೂಡಿಕೊಳ್ಳುತ್ತವೆ. ಅಂದಮೇಲೆ ಎಲ್ಲಕ್ಕಿಂತ ಹೆಚ್ಚು ಬಿಸಿಲು ಕಂಡ ಮೂಗು, ಕೆನ್ನೆ, ಹಣೆ, ಕಿವಿಗಳಲ್ಲಿಯೇ ರೋಗ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ.

ಚರ್ಮದ ಕ್ಯಾನ್ಸರೆಂಬುದು ಒಂದೇ ರೋಗದ ಹೆಸರಲ್ಲ. ಹೊರಚರ್ಮದ ತಳಪದರದ ಕೋಶಗಳನ್ನು ಹೋಲುವ ಬೇಸಲ್ ಸೆಲ್ ಕ್ಯಾನ್ಸರ್ ಒಂದು ಬಗೆ. ಕಣ್ಣಿನ ರೆಪ್ಪೆಯನ್ನೂ ಮುಖವನ್ನೂ ಹಿಡಿಯುವ ವಿಚಿತ್ರವಾದ ಹುಣ್ಣೊಂದಿದೆಯೆಂದು 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ವರ್ಣಿಸಿದ್ದು ಇದನ್ನೇ. ಇದು ಇದ್ದಲ್ಲಿಯೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊರೆಯುತ್ತ ಹೋಗುತ್ತದೆ. ದೇಹದ ಬೇರೆಡೆಗೆ ಹರಡುವುದು ಬಹು ಅಪರೂಪ. ಮೇಲಿನ ಪದರದ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಎರಡನೆಯದು. ಇದು ನೂರರಲ್ಲಿ ಕೆಲವರಲ್ಲಿ ಕತ್ತಿನ ಗ್ರಂಥಿಗಳಿಗೆ ಹೋಗಬಹುದಾದುದರಿಂದ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಮೂರನೆಯದಾದ ಮೆಲನೋಮ ನಿಜವಾಗಿಯೂ ಅಪಾಯಕಾರಿ. ಅದರಲ್ಲಿ ವಾರಗಳ ವಿಳಂಬವೂ ಸಲ್ಲದು. ‘ಕ್ಯಾನ್ಸರಂತೆ’ ಎಂದು ಕೇಳಿದವನು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಬಗೆಯದು?’ ಎಂಬುದು. ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದು ಕೆರೆಯ ನೀರುಹಾವನ್ನೂ ನಾಗರಹಾವನ್ನೂ ‘ಹಾವು’ ಎಂದು ಕರೆದಂತೆ. ಮಾತು ಸುಳ್ಳಲ್ಲ, ಆದರೆ ಅಷ್ಟರಿಂದ ಏನೂ ತಿಳಿಯದು.

ಆಸ್ಟ್ರೇಲಿಯದಲ್ಲಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷ ತುಂಬುವುದರೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆಂದು ಲೆಕ್ಕ. ಭಾರತೀಯರ ಚರ್ಮದಲ್ಲಿ ಹೆಚ್ಚಾಗಿರುವ ಮೆಲನಿನ್ ವರ್ಣದ್ರವ್ಯ ನೇರಿಳಾತೀತ ಕಿರಣಗಳ ಬಹುಪಾಲನ್ನು ಹೀರಿಕೊಳ್ಳುವುದರಿಂದ ನಮ್ಮಲ್ಲಿ ಈ ರೋಗ ಕಡಮೆ. ಕಡಮೆಯೆಂದರೆ ಇಲ್ಲವೆಂದಲ್ಲ. ನಮ್ಮವರಲ್ಲಿ ಬೇಸಲ್ ಸೆಲ್ ಕ್ಯಾನ್ಸರು ಸಾಮಾನ್ಯವಾಗಿ ಕಪ್ಪಾಗಿರುತ್ತದೆ. ಹುಟ್ಟುಮಚ್ಚೆಯೆಂದೋ ಬರಿಯ ನರುಲಿಯೆಂದೋ ವರ್ಷಗಟ್ಟಲೆ ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ. ಮೆಲನಿನ್ನೇ ಇಲ್ಲದೆ ಬಿಳಿಚರ್ಮದೊಡನೆ ಹುಟ್ಟುವ ಮಕ್ಕಳಿಗಂತೂ ನಮ್ಮ ಬಿಸಿಲು ಬಹಳ ಕಠಿನ.

ಕಳೆದ ವರ್ಷ ಬೆಳಕಿನ ಪಾಠ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಯೊಬ್ಬ ಹಿಂದೆ ಉಳಿದು, “ಸಾರ್, ನಮ್ಮ ತಂದೆಯವರಿಗೆ ಮೂಗಿನ ಪಕ್ಕದಲ್ಲಿ ಒಂದು ಕಪ್ಪು ಗಂಟು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಹತ್ತು ದಿನ ಕಾಯಬೇಕಂತೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಪ್ಪನಿಗೆ ಮಾತ್ರ ನಾವು ಏನೂ ಹೇಳಿಲ್ಲ” ಎಂದನು. ಈ ನಾಲ್ಕು ಮಾತುಗಳಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ.

ಮೊದಲು ಕಾಯುವಿಕೆಯನ್ನು ನೋಡೋಣ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಮಂದಿಯನ್ನು ಕೂರಿಸಿ ಒಂದು ಆಟವಾಡಿಸಿದರು. ಗಣಕಯಂತ್ರದ ತೆರೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೇ ಇಲ್ಲವೇ ಎಂದು ಊಹಿಸಬೇಕು. ಹಾವಿದ್ದರೆ ಕೈಗೆ ನೋಯುವಂತಹ ಸಣ್ಣ ವಿದ್ಯುದಾಘಾತ. ಬೆವರನ್ನೂ ಕಣ್ಣಿನ ಪಾಪೆಯ ಹಿಗ್ಗನ್ನೂ ಅಳೆದು ನೋಡಿದಾಗ ಕಂಡುಬಂದುದೇನು? ಆಘಾತ ಖಂಡಿತವೆಂದು ತಿಳಿದಿದ್ದಾಗ ಅವರ ಕಳವಳ ಅತ್ಯಧಿಕವಾಗಿರಲಿಲ್ಲ. ಬಂದರೂ ಬರಬಹುದು, ಬಾರದಿದ್ದರೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಅದು ಶಿಖರಕ್ಕೇರಿತ್ತು. ಸಂಭವನೀಯತೆಯ ಗಣಿತವನ್ನು ಓದಿದವರಿಗೆ ಇದು ಪರಿಚಿತ ವಕ್ರರೇಖೆ. ಒಂದು ಘಟನೆಯ ಸಂಭವ ‘ಪ’ ಆದರೆ, ಅನಿಶ್ಚಿತತೆಯನ್ನು ಅಳೆಯುವ ಪ(1−ಪ) ಎಂಬ ಗುಣಲಬ್ಧ ‘ಪ’ 0.5 ಆದಾಗ 0.25, 0.9 ಆದಾಗ 0.09, 1 ಆದಾಗ ಸೊನ್ನೆ. ವರದಿ ಬರುವ ಮೊದಲಿನ ಹತ್ತು ದಿನಗಳು, ವರದಿ ಬಂದ ನಂತರದ ದಿನಗಳಿಗಿಂತ ಭಾರವೆಂದು ಅನೇಕ ರೋಗಿಗಳು ಹೇಳುವುದು ಮನೋದೌರ್ಬಲ್ಯವಲ್ಲ. ಮನುಷ್ಯನ ಮೆದುಳು ಹಾಗೆಯೇ ಇದೆ.

ಹಾಗೆಂದು ಆ ಹತ್ತು ದಿನಗಳನ್ನು ಹಲ್ಲು ಕಚ್ಚಿಕೊಂಡು ಕಳೆಯಬೇಕಾಗಿಲ್ಲ. ‘ಚಿಂತೆ ಮಾಡಬೇಡಿ’ ಎಂಬ ಉಪದೇಶದಷ್ಟು ನಿಷ್ಪ್ರಯೋಜಕವಾದುದು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೋವೆಕ್ಕನೂ ಅವನ ಸಂಗಡಿಗರೂ 1983ರಲ್ಲಿ ಇದಕ್ಕೆ ಬೇರೆಯೇ ಉಪಾಯವನ್ನು ಪರೀಕ್ಷಿಸಿದರು. ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡುವುದು. ಉಳಿದ ವೇಳೆಯಲ್ಲಿ ಚಿಂತೆ ತಲೆಯೆತ್ತಿದರೆ ‘ಸಂಜೆ ಆರಕ್ಕೆ ಬಾ’ ಎಂದು ಅದನ್ನು ಮುಂದಕ್ಕೆ ಹಾಕುವುದು. ಹೀಗೆ ಮಾಡಿದವರ ಚಿಂತೆಯ ಹೊತ್ತು ಕಡಮೆಯಾಯಿತು. ಚಿಂತೆಯನ್ನು ಓಡಿಸುವುದು ಕಷ್ಟ, ಕಾಯಿಸುವುದು ಅಷ್ಟು ಕಷ್ಟವಲ್ಲ. ಆ ಅರ್ಧ ಗಂಟೆಯಲ್ಲಿ ಕೈಯಲ್ಲೊಂದು ಕಾಗದವಿದ್ದರೆ ಇನ್ನೂ ಒಳ್ಳೆಯದು. ಯಾವ ಬಗೆಯದು, ಎಷ್ಟು ಆಳ, ಹೇಗೆ ತೆಗೆಯುತ್ತಾರೆ, ಗಾಯವನ್ನು ಹೇಗೆ ಮುಚ್ಚುತ್ತಾರೆ, ತೆಗೆಯದಿದ್ದರೇನು ಎಂಬ ಪ್ರಶ್ನೆಗಳನ್ನು ಬರೆದಿಟ್ಟುಕೊಂಡವನು ವೈದ್ಯರ ಮುಂದೆ ತಬ್ಬಿಬ್ಬಾಗುವುದಿಲ್ಲ.

ವೈದ್ಯರು ಹೇಳುವ ಅಂಕಿಗಳ ವಿಷಯದಲ್ಲಿಯೂ ಎಚ್ಚರ ಬೇಕು. 1982ರಲ್ಲಿ ಬಾರ್ಬರಾ ಮೆಕ್ನೀಲ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಬೇಕೋ ವಿಕಿರಣ ಬೇಕೋ ಎಂದು ಹಲವರನ್ನು ಕೇಳಿದರು. ಶಸ್ತ್ರಕ್ರಿಯೆಯಿಂದ ‘ನೂರರಲ್ಲಿ 90 ಮಂದಿ ಬದುಕಿ ಹೊರಬರುತ್ತಾರೆ’ ಎಂದಾಗ ಅದನ್ನು ಆರಿಸಿದವರು, ‘ನೂರರಲ್ಲಿ 10 ಮಂದಿ ಸಾಯುತ್ತಾರೆ’ ಎಂದಾಗ ಆರಿಸಿದವರಿಗಿಂತ ಎಷ್ಟೋ ಹೆಚ್ಚು. ಎರಡೂ ಒಂದೇ ಅಂಕಿ! ಇದಕ್ಕೆ ಬಲಿಬಿದ್ದವರಲ್ಲಿ ವೈದ್ಯರೂ ಇದ್ದರು. ಆದುದರಿಂದ ಯಾವ ಅಂಕಿಯನ್ನು ಕೇಳಿದರೂ ಅದನ್ನು ಒಮ್ಮೆ ತಿರುಗಿಸಿ ಹೇಳಿಕೊಂಡು ನೋಡಬೇಕು. ಮೊದಲ ಸಲ ಬಂದ ಬೇಸಲ್ ಸೆಲ್ ಕ್ಯಾನ್ಸರನ್ನು ಈಗ ಹೇಳಲಿರುವ ವಿಧಾನದಿಂದ ತೆಗೆದರೆ, ಐದು ವರ್ಷಗಳೊಳಗೆ ಅದೇ ಜಾಗದಲ್ಲಿ ಅದು ಮರುಕಳಿಸುವುದು ನೂರರಲ್ಲಿ ಸುಮಾರು ಒಬ್ಬರಿಗೆ. ಮರುಕಳಿಸದಿರುವುದು ಸುಮಾರು 99 ಮಂದಿಗೆ.

ಆ ವಿಧಾನವನ್ನು ಕಂಡುಹಿಡಿದವನು ಅಮೆರಿಕದ ವಿಸ್ಕಾನ್ಸಿನ್ನಿನ ಫ್ರೆಡರಿಕ್ ಮೋಸ್. ಹೆಸರು ಕನ್ನಡದ ಕಿವಿಗೆ ಹಿತವಾಗಿ ಕೇಳಿಸದು, ನಿಜ. ವಿಧಾನದಲ್ಲಿ ಮಾತ್ರ ಮೋಸವೇನೂ ಇಲ್ಲ. 1930ರ ದಶಕದಲ್ಲಿ ಅವನು ಇದನ್ನು ರೂಪಿಸಿ 1941ರಲ್ಲಿ ಪ್ರಕಟಿಸಿದನು. ಇದರ ಸೊಗಸೆಲ್ಲ ಇರುವುದು ರೇಖಾಗಣಿತದಲ್ಲಿ. ಗಂಟನ್ನು ಬಟ್ಟಲಿನಾಕಾರವಾಗಿ ಕೊಯ್ದು ತೆಗೆದರೆನ್ನಿ. ರೋಗದ ಬೇರು ಉಳಿದಿದೆಯೇ ಎಂದು ತಿಳಿಯಲು ಆ ಬಟ್ಟಲಿನ ಹೊರಮೈಯನ್ನೆಲ್ಲ ನೋಡಬೇಕು. ವಾಡಿಕೆಯಂತೆ ಅದನ್ನು ಬ್ರೆಡ್ಡಿನ ಹಾಗೆ ಉದ್ದುದ್ದಕ್ಕೆ ಸೀಳಿ ಕೆಲವು ಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರಮೈಯ ನೂರರಲ್ಲೊಂದು ಪಾಲು ಕೂಡ ಕಣ್ಣಿಗೆ ಬೀಳುವುದಿಲ್ಲ. ಕಿತ್ತಳೆಯ ಅರ್ಧ ಸಿಪ್ಪೆಯನ್ನು ಅಂಗೈಯಿಂದ ಒತ್ತಿದರೆ ಚಪ್ಪಟೆಯಾಗುತ್ತದಷ್ಟೆ. ಮೋಸ್ ಬಟ್ಟಲನ್ನು ಹಾಗೆಯೇ ಚಪ್ಪಟೆಮಾಡಿ, ಅಂಚೂ ತಳವೂ ಒಂದೇ ಸಮತಲಕ್ಕೆ ಬರುವಂತೆ ಮಾಡಿ, ಆ ತಲವನ್ನೇ ತೆಳ್ಳಗೆ ಸೀಳಿ ನೋಡಿದನು. ಎಲ್ಲಿ ರೋಗ ಉಳಿದಿದೆಯೋ ನಕ್ಷೆಯಲ್ಲಿ ಗುರುತಿಸಿ, ಮುಖದ ಅಷ್ಟೇ ಭಾಗದಿಂದ ಇನ್ನೊಂದು ತೆಳು ಪದರವನ್ನು ತೆಗೆಯುವುದು. ರೋಗವಿಲ್ಲದ ಪದರ ಬರುವವರೆಗೆ ಹೀಗೆಯೇ ಮುಂದುವರಿಯುವುದು. ಮೂಗು, ರೆಪ್ಪೆಗಳಂತಹ ಜಾಗದಲ್ಲಿ ಒಂದೊಂದು ಮಿಲಿಮೀಟರೂ ಅಮೂಲ್ಯವಾದುದರಿಂದ ಇದಕ್ಕೆ ಅಷ್ಟು ಬೆಲೆ.

ರೋಗಿಯ ಕಡೆಯಿಂದ ನೋಡಿದರೆ, ಅವನು ಎಚ್ಚರವಾಗಿಯೇ ಇರುತ್ತಾನೆ. ಚುಚ್ಚುಮದ್ದಿನಿಂದ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಒಂದು ಪದರ ತೆಗೆದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಿ, ಪರೀಕ್ಷೆ ಮುಗಿಯುವವರೆಗೆ ಒಂದೆರಡು ಗಂಟೆ ಹೊರಗೆ ಕೂರಿಸುತ್ತಾರೆ. ಎರಡನೆಯ ಸಲ ಒಳಗೆ ಕರೆದರೆ ರೋಗ ಕೈಮೀರಿತೆಂದು ಗಾಬರಿಯಾಗಬೇಕಿಲ್ಲ. ವಿಧಾನದ ಕ್ರಮವೇ ಅದು. ಹೊರಗೆ ಕಂಡ ಗಂಟಿಗಿಂತ ಗಾಯ ದೊಡ್ಡದಾಗುವುದೂ ಸಹಜ, ಏಕೆಂದರೆ ಬೇರು ಚರ್ಮದ ಕೆಳಗೆ ಪಕ್ಕಕ್ಕೆ ಹರಿದಿರುತ್ತದೆ. ಇದು ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ದು ತೆಗೆಯುವ ಸಾಮಾನ್ಯ ಶಸ್ತ್ರಕ್ರಿಯೆಯೂ ಹೆಚ್ಚಿನ ರೋಗಿಗಳಲ್ಲಿ ಒಳ್ಳೆಯ ಫಲವನ್ನೇ ಕೊಡುತ್ತದೆ. ಕತ್ತಿಗೆ ಹೆದರುವ ವೃದ್ಧರಿಗೆ ವಿಕಿರಣವುಂಟು. ಸ್ವೀಡನ್ನಿನಲ್ಲಿ 1899ರಷ್ಟು ಹಿಂದೆಯೇ, ಎಂದರೆ ರಂಟ್ಗೆನ್ ಕ್ಷಕಿರಣವನ್ನು ಕಂಡ ನಾಲ್ಕೇ ವರ್ಷಗಳಲ್ಲಿ, ಮುಖಚರ್ಮದ ಕ್ಯಾನ್ಸರನ್ನು ಆ ಕಿರಣದಿಂದ ಗುಣಪಡಿಸಿದ್ದರು.

ಇನ್ನು ಮುಚ್ಚಿಡುವ ವಿಷಯ. ನಮ್ಮ ಮನೆಗಳಲ್ಲಿ ಹಿರಿಯರಿಂದ ರೋಗದ ಹೆಸರನ್ನು ಮರೆಮಾಚುವುದು ಪ್ರೀತಿಯ ಲಕ್ಷಣವೆಂದು ತಿಳಿಯುತ್ತಾರೆ. 1985ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ನನ ಮೂಗಿನ ಮೇಲಿಂದ ಒಂದು ಗಂಟನ್ನು ತೆಗೆದಾಗ ಅಧಿಕಾರಿಗಳು ಮೊದಲು ಬರಿಯ ಚರ್ಮದ ಕೆರಳಿಕೆಯೆಂದರು, ಅನುಮಾನಗಳು ಬೆಳೆದವು. ಕೊನೆಗೆ ರೇಗನ್ನನೇ ಪತ್ರಕರ್ತರನ್ನು ಕರೆದು ಅದು ಬೇಸಲ್ ಸೆಲ್ ಕ್ಯಾನ್ಸರೆಂದು ಹೇಳಿದನು. ಆಮೇಲೆ ಅವನು 2004ರವರೆಗೆ ಬದುಕಿ, 93ನೆಯ ವಯಸ್ಸಿನಲ್ಲಿ ಬೇರೆ ಕಾರಣದಿಂದ ತೀರಿಕೊಂಡನು. ನಮ್ಮ ವಿದ್ಯಾರ್ಥಿಯ ಮನೆಯಲ್ಲಿ ವರದಿ ಬಂದ ದಿನ ಧೈರ್ಯಮಾಡಿ ತಂದೆಗೆ ತಿಳಿಸಿದರಂತೆ. “ನೀವು ಪಿಸುಗುಟ್ಟುತ್ತಿದ್ದಾಗಲೇ ಗೊತ್ತಾಗಿತ್ತು. ಹೆಸರು ಹೇಳಿದಿರಲ್ಲ, ಇನ್ನು ಆಪರೇಷನ್ನಿಗೆ ದಿನ ಗೊತ್ತುಮಾಡಿ” ಎಂದರಂತೆ ಆ ಹಿರಿಯರು. ಹತ್ತು ದಿನ ಅವರು ಒಬ್ಬರೇ ಕಾದಿದ್ದರು. ನಮಗೆ ಅತ್ಯಂತ ಕೆಡುಕೆನಿಸಿದ್ದು ಅದು.

ಚಿಂತೆ ವಾರಗಟ್ಟಲೆ ನಿದ್ದೆ ಊಟಗಳನ್ನು ಕೆಡಿಸಿದರೆ ಅದಕ್ಕೂ ಚಿಕಿತ್ಸೆಯುಂಟು. ಸರ್ಕಾರವು 2022ರಲ್ಲಿ ಪ್ರಾರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಸ್ತ್ರಕ್ರಿಯೆಯಾದ ಮೊದಲ ವಾರ ಮುಖ ಊದಿ, ಕಣ್ಣಿನ ಸುತ್ತ ಕಪ್ಪುಗಟ್ಟುವುದುಂಟು. ಆಗ ಕನ್ನಡಿ ನೋಡಿ ತೀರ್ಮಾನಕ್ಕೆ ಬರಬಾರದು. ಗಾಯದ ಕಲೆ ಮೊದಲು ಕೆಂಪಾಗಿ, ಗಟ್ಟಿಯಾಗಿ ಕಂಡು, ಹದಕ್ಕೆ ಬರಲು ಒಂದು ವರ್ಷದಷ್ಟು ಕಾಲ ಹಿಡಿಯುತ್ತದೆ. ಒಮ್ಮೆ ಈ ರೋಗ ಬಂದವರಿಗೆ ಬೇರೊಂದು ಜಾಗದಲ್ಲಿ ಹೊಸದು ಏಳುವ ಸಂಭವ ಇತರರಿಗಿಂತ ಹೆಚ್ಚಾದುದರಿಂದ ವೈದ್ಯರು ಹೇಳಿದ ಅವಧಿಗೊಮ್ಮೆ ಮುಖವನ್ನು ತೋರಿಸುತ್ತಿರಬೇಕು. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟರೆ, ನಡುವಣ ದಿನಗಳಲ್ಲಿ ಪ್ರತಿಯೊಂದು ಮೊಡವೆಯನ್ನೂ ಭೂತಗನ್ನಡಿಯಲ್ಲಿ ನೋಡುತ್ತ ಕೂರುವ ಕೆಲಸ ತಪ್ಪುತ್ತದೆ.